ಒಂಬತ್ತು ವೋಲ್ಟಿನ ಸಾಕ್ಷಿ

ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಎಂದೇ ಹೆಸರು. ಅದರೊಳಗೆ ಹಾಕುವುದು ಶೆಲ್ಲು. ಬೇಸಿಗೆಯಲ್ಲಿ ಅಂಗಳದ ಚಾಪೆಯ ಮೇಲೆ ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸುಗಳ ಸಾಲಿನ ಕೊನೆಗೆ ಎರಡು ಕೆಂಪು ಶೆಲ್ಲುಗಳೂ ಬಿಸಿಲು ಕಾಯಿಸುತ್ತ ಮಲಗಿರುತ್ತಿದ್ದುದನ್ನು ನೀವೂ ಕಂಡಿರಬಹುದು. ಬಿಸಿಲಿಗೆ ಇಟ್ಟರೆ ಅವು ಒಂದೆರಡು ರಾತ್ರಿ ಮತ್ತೆ ಬೆಳಕು ಕೊಡುತ್ತಿದ್ದುದು ಸುಳ್ಳಲ್ಲ. ಶಾಖಕ್ಕೆ ಒಳಗಿನ ರಾಸಾಯನಿಕ ಕ್ರಿಯೆ ಸ್ವಲ್ಪ ಚುರುಕಾಗುತ್ತದೆ, ಅಷ್ಟೆ. ವಯಸ್ಸಾದವರಿಗೆ ಒಂದು ಲೋಟ ಬಿಸಿ ಕಾಫಿ ಕೊಟ್ಟ ಹಾಗೆ. ಎದ್ದು ಕೂರುತ್ತಾರೆ, ಪ್ರಾಯವೇನೂ ಮರಳಿ ಬರುವುದಿಲ್ಲ.

ನಮ್ಮ ತಂದೆಗೆ ರೇಡಿಯೋ ರಿಪೇರಿಯ ಸಣ್ಣ ಅಂಗಡಿ ಇತ್ತು. ಹಾಗಾಗಿ ಬೇರೆ ಹುಡುಗಿಯರು ರಂಗೋಲಿಯ ಚುಕ್ಕಿ ಎಣಿಸುವ ವಯಸ್ಸಿನಲ್ಲಿ ನಾನು ಶೆಲ್ಲುಗಳ ಮೋರೆ ನೋಡಿ ಜಾತಕ ಹೇಳುವುದನ್ನು ಕಲಿತೆ. ಶೆಲ್ಲು ಒಮ್ಮೆಲೇ ಸಾಯುವುದಿಲ್ಲ. ಟಾರ್ಚಿನ ಬೆಳಕು ಬಿಳಿಯಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ಇಳಿಯುತ್ತದೆ. ರೇಡಿಯೋದ ದನಿ ಕ್ಷೀಣಿಸಿ ಗೊಗ್ಗರಾಗುತ್ತದೆ. ಗೋಡೆ ಗಡಿಯಾರದ ಮುಳ್ಳು ನಿಂತಲ್ಲೇ ತಡವರಿಸುತ್ತದೆ. ಅಂದರೆ ಮನೆಯ ವಸ್ತುಗಳೆಲ್ಲ 'ನನಗೆ ಆಗುತ್ತಿಲ್ಲ' ಎಂದು ತಮ್ಮ ತಮ್ಮ ಭಾಷೆಯಲ್ಲಿ ಹೇಳಿಯೇ ಹೇಳುತ್ತವೆ.

ಹೇಳದೆ ಸೋಲುವ ಒಂದು ಉಪಕರಣ ಮಾತ್ರ ಇದೆ. ಅದು ಮೆಟಲ್ ಡಿಟೆಕ್ಟರ್. ದೊಡ್ಡ ದೇವಸ್ಥಾನಗಳ ಬಾಗಿಲಲ್ಲಿ, ಮಂತ್ರಿಗಳು ಬರುವ ಸಮಾರಂಭಗಳಲ್ಲಿ ಹೆಂಗಸರಿಗೆಂದು ಪರದೆ ಕಟ್ಟಿದ ಗೂಡಿನೊಳಗೆ ಹುಡುಗಿಯೊಬ್ಬಳು ನಮ್ಮ ಮೈಸುತ್ತ ಆಡಿಸುವ ಕರಿಯ ಕೋಲು. ಅದರೊಳಗೆ ತಾಮ್ರದ ತಂತಿಯ ಸುರುಳಿ ಇದೆ. ಶೆಲ್ಲಿನ ಬಲದಿಂದ ಆ ಸುರುಳಿ ತನ್ನ ಸುತ್ತ ಕಾಂತಕ್ಷೇತ್ರವೊಂದನ್ನು ಹರಡಿಕೊಂಡಿರುತ್ತದೆ. ಲೋಹ ಹತ್ತಿರ ಬಂದರೆ ಆ ಕ್ಷೇತ್ರ ಕದಡುತ್ತದೆ, ಕೋಲು ಕೂಗುತ್ತದೆ. ಲೋಹ ಇಲ್ಲದಿದ್ದರೆ ಸುಮ್ಮನಿರುತ್ತದೆ. ಸುಮ್ಮನಿರುವುದೂ ಅದರ ಕೆಲಸವೇ ಆದ್ದರಿಂದ ತೊಂದರೆ ಬಂದಿರುವುದು. 'ಇಲ್ಲಿ ಏನೂ ಇಲ್ಲ' ಎನ್ನುವ ಮೌನವೂ 'ನನ್ನಲ್ಲಿ ತ್ರಾಣವಿಲ್ಲ' ಎನ್ನುವ ಮೌನವೂ ಕೇಳುವವರ ಕಿವಿಗೆ ಒಂದೇ.

ಇಷ್ಟನ್ನು ನಾನು ಯೋಚಿಸುವಂತಾದದ್ದು 2022ರ ಏಪ್ರಿಲ್‌ನಲ್ಲಿ. ಸಾಗರದಲ್ಲಿ ಅಣ್ಣನ ಮನೆ. ಅತ್ತಿಗೆಯ ಏಳು ಹರಳಿನ ಬೆಂಡೋಲೆಗಳಲ್ಲಿ ಒಂದು ಕಾಣೆಯಾಯಿತು. ಅವರ ತಾಯಿ ಕೊಟ್ಟದ್ದು. ತಿರುಪು ಸಡಿಲಾಗಿದ್ದಿರಬೇಕು. ಸಂಜೆ ತಲೆ ಬಾಚಲು ಕೂತಾಗ ಎಡಗಿವಿ ಬರಿದಾಗಿತ್ತು. ಆ ದಿನ ಅವರು ಹಿತ್ತಿಲು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಹಿತ್ತಿಲಿಗೆ ಬಂದ ಹೊರಗಿನವರೆಂದರೆ ಪಾತ್ರೆ ತೊಳೆಯುವ ಹೆಂಗಸು ಒಬ್ಬಳೇ. ಹನ್ನೊಂದು ವರ್ಷದಿಂದ ಬರುತ್ತಿದ್ದವಳು.

ಅಣ್ಣನ ಮಗನಿಗೆ ಶಾಮಿಯಾನ, ಕುರ್ಚಿ, ಧ್ವನಿವರ್ಧಕಗಳ ವ್ಯವಹಾರ. ದೊಡ್ಡ ಸಮಾರಂಭಗಳಿಗೆ ಬೇಕಾಗುತ್ತದೆಂದು ಎರಡು ಕೈಕೋಲುಗಳನ್ನೂ ಇಟ್ಟುಕೊಂಡಿದ್ದ. ಸಂಜೆಯೇ ಒಂದನ್ನು ತಂದು ಪಾತ್ರೆ ತೊಳೆಯುವ ಕಲ್ಲಿನ ಸುತ್ತ, ಬೂದಿಯ ಡಬ್ಬ, ತೆಂಗಿನ ನಾರು, ನೀರು ಹೋಗುವ ಗಟಾರ ಎಲ್ಲವನ್ನೂ ಶೋಧಿಸಿದ. ಕೋಲು ಒಮ್ಮೆಯೂ ಕೂಗಲಿಲ್ಲ. 'ಇಲ್ಲಿ ಬಿದ್ದಿಲ್ಲ' ಎಂದ. ಇಲ್ಲಿ ಬಿದ್ದಿಲ್ಲ ಎಂದಮೇಲೆ ಉಳಿದದ್ದು ಒಂದೇ ಮಾತು. ಆ ಮಾತನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲವಂತೆ. ಮಾರನೆಯ ಬೆಳಿಗ್ಗೆ ಅವಳು ಬಂದಾಗ 'ನಿನ್ನೆ ಏನಾದರೂ ಕಣ್ಣಿಗೆ ಬಿತ್ತೇನೇ?' ಎಂದು ಅತ್ತಿಗೆ ಮೂರು ಸಲ ಕೇಳಿದರು, ಅಷ್ಟೆ. ಮೂರನೆಯ ಸಲಕ್ಕೆ ಅವಳಿಗೆ ಅರ್ಥವಾಗಿತ್ತು. ಕೈ ತೊಳೆದುಕೊಂಡು ಹೊರಟುಹೋದಳು.

ನಾನು ಹೋದದ್ದು ಅಂದು ಮಧ್ಯಾಹ್ನ. ಇಡೀ ಕಥೆ ಕೇಳಿದ ಮೇಲೆ ತಂದೆಯ ಅಂಗಡಿಯ ಬುದ್ಧಿ ಎಚ್ಚರವಾಯಿತು. ಕಲ್ಲಿನ ಸುತ್ತ ಹಳೆಯ ಮೊಳೆ, ಸೇಫ್ಟಿ ಪಿನ್ನು, ಸೋಡಾ ಮುಚ್ಚಳ ಯಾವುದೂ ಇಲ್ಲದ ಹಿತ್ತಿಲು ಈ ಲೋಕದಲ್ಲಿ ಎಲ್ಲಿದೆ ಹೇಳಿ? ಕೋಲು ಅವುಗಳಿಗಾದರೂ ಕೂಗಬೇಕಿತ್ತು. ಅತ್ತಿಗೆಯ ಬಲಗಿವಿಯ ಓಲೆ ಬಿಚ್ಚಿಸಿ, ತಟ್ಟೆಯಲ್ಲಿಟ್ಟು, ಮೇಲೆ ಒಂದು ಬೊಗಸೆ ಮಣ್ಣು ಹಾಕಿ, 'ಈಗ ಹುಡುಕು' ಎಂದೆ. ಕೋಲು ಅದರ ಮೇಲೆ ಹೋಯಿತು, ಬಂತು. ಸದ್ದಿಲ್ಲ. ಕಣ್ಣೆದುರಿಗೇ ಇರುವ ಚಿನ್ನ ಅದಕ್ಕೆ ಕಾಣಲಿಲ್ಲ. ಹಿಡಿಯಲ್ಲಿ ಕಡಲೆಕಾಳಿನಷ್ಟು ಕೆಂಪು ದೀಪ ಉರಿಯುತ್ತಿತ್ತು. ಶೆಲ್ಲು ಸೋತಿದೆ ಎಂದು ಹೇಳುವ ದೀಪ. ಹುಡುಗ ಅದನ್ನು ಯಂತ್ರ ಚಾಲೂ ಆಗಿರುವ ಗುರುತು ಎಂದುಕೊಂಡಿದ್ದ.

ತ್ರಾಣವಿದ್ದಾಗಲೂ ಈ ಕೋಲಿನ ದೃಷ್ಟಿ ಬಹಳ ದೂರದ್ದಲ್ಲ. ಒಳ್ಳೆಯ ಕೈಕೋಲಿನ ವಿವರಣೆಯಲ್ಲೇ ಬರೆದಿರುತ್ತದೆ: ಪಿಸ್ತೂಲಾದರೆ 9 ಅಂಗುಲದಿಂದ, ಬ್ಲೇಡಾದರೆ 3 ಅಂಗುಲದಿಂದ, ಸಣ್ಣ ಪಿನ್ನಾದರೆ 1 ಅಂಗುಲದಿಂದ ಮಾತ್ರ. ಓಲೆ ಎಷ್ಟಿರುತ್ತದೆ, ನಮಗೆ ಗೊತ್ತು. ಇರುವ ಒಂದು ಅಂಗುಲವನ್ನೂ ಸೋತ ಶೆಲ್ಲು ತಿಂದುಹಾಕಿದರೆ ಉಳಿಯುವುದೇನು?

'ಹಾಗಾದರೆ ಯಾವ ಶೆಲ್ಲು ತರಲಿ ಅತ್ತೆ?' ಎಂದ. ಈ ಕೋಲುಗಳಿಗೆ ಹೆಚ್ಚಾಗಿ ಬೇಕಾಗುವುದು ಬೆಂಕಿಪೆಟ್ಟಿಗೆಯಂಥ 9 ವೋಲ್ಟಿನ ಚೌಕ ಶೆಲ್ಲು. ಅದರೊಳಗೆ ಒಂದೂವರೆ ವೋಲ್ಟಿನ ಆರು ಪುಟ್ಟ ಶೆಲ್ಲುಗಳು ಒಟ್ಟು ಕುಟುಂಬದ ಹಾಗೆ ಕೂತಿರುತ್ತವೆ. ಅಂಗಡಿಯಲ್ಲಿ ಇವುಗಳಲ್ಲಿ ಮೂರು ನಾಲ್ಕು ಜಾತಿ. ಎಲ್ಲಕ್ಕಿಂತ ಅಗ್ಗದ್ದು ಸತು-ಇಂಗಾಲದ್ದು. ಅದರ ಸತುವಿನ ಭಾಗ ಬಳಸಿದಂತೆಲ್ಲ ಕರಗುತ್ತ ಹೋಗುತ್ತದೆ. ಮರೆತು ಒಳಗೇ ಬಿಟ್ಟರೆ ಸೋರಿ ಯಂತ್ರದ ಹಲ್ಲುಗಳಿಗೆ ತುಕ್ಕು ಹಿಡಿಸುತ್ತದೆ. ಗಡಿಯಾರಕ್ಕೆ ಸಾಕು, ಹುಡುಕುವ ಕೆಲಸಕ್ಕೆ ಸಾಲದು. ಆಲ್ಕಲೈನ್ ಹಲವು ಪಟ್ಟು ದುಬಾರಿ. ಆದರೆ ಹೆಚ್ಚು ಕಾಲ ಬಾಳುತ್ತದೆ, ಕಪಾಟಿನಲ್ಲಿ ವರ್ಷಗಟ್ಟಲೆ ಕಾದಿರುತ್ತದೆ, ಮೆಲ್ಲಮೆಲ್ಲಗೆ ಇಳಿಯುವುದರಿಂದ ಎಚ್ಚರಿಕೆಯ ದೀಪಕ್ಕೂ ಉರಿಯಲು ಪುರುಸೊತ್ತು ಸಿಗುತ್ತದೆ.

ಇನ್ನೊಂದು, ಮತ್ತೆ ಮತ್ತೆ ಚಾರ್ಜ್ ಮಾಡುವ ನಿಕ್ಕಲ್ ಮೆಟಲ್ ಹೈಡ್ರೈಡ್. ಇದರಲ್ಲಿ ಒಂದೊಂದು ಪುಟ್ಟ ಶೆಲ್ಲಿನ ಬಲ ಒಂದೂವರೆಯಲ್ಲ, 1.2 ವೋಲ್ಟ್. ಮೇಲೆ 9 ಎಂದು ಬರೆದಿದ್ದರೂ ಒಳಗೆ ಏಳಿದ್ದರೆ 8.4, ಆರೇ ಇದ್ದರೆ 7.2. ಕೆಲವು ಯಂತ್ರಗಳು 7.2ಕ್ಕೇ ಸೋತೆನೆಂದು ದೀಪ ಹಚ್ಚಿಬಿಡುತ್ತವೆ. ಇದನ್ನು ನೂರಾರು ಸಲ ಚಾರ್ಜ್ ಮಾಡಬಹುದು, ನಿಜ. ಆದರೆ ಸಾಧಾರಣದ್ದು ಇಟ್ಟಲ್ಲೇ ತಿಂಗಳಲ್ಲಿ ಗಣನೀಯವಾಗಿ ಇಳಿದುಹೋಗುತ್ತದೆ. ಈಚೆಗೆ ಬಂದಿರುವುದು ಮೊಬೈಲ್ ತಂತಿಯಲ್ಲೇ ಚಾರ್ಜ್ ಆಗುವ ಲಿಥಿಯಂ ಶೆಲ್ಲು. ಒಳಗಿನ ಪುಟ್ಟ ಸರ್ಕೀಟು ಕೊನೆಯ ಗಳಿಗೆಯವರೆಗೂ ವೋಲ್ಟೇಜನ್ನು ಹಿಡಿದು ನಿಲ್ಲಿಸಿ, ಆಮೇಲೆ ಒಮ್ಮೆಲೇ ಕೈಬಿಡುತ್ತದೆ. ಅದೇ ಸರ್ಕೀಟು ಕೆಲವು ಸೂಕ್ಷ್ಮ ಡಿಟೆಕ್ಟರುಗಳನ್ನು ಗೊಂದಲಕ್ಕೆ ಈಡುಮಾಡುವುದೂ ಉಂಟು.

ಆದ್ದರಿಂದ ದಿನವೂ ಬಾಗಿಲಲ್ಲಿ ದುಡಿಯುವ ಕೋಲಿಗೆ ಚಾರ್ಜ್ ಆಗುವ ಎರಡು ಶೆಲ್ಲು, ಸರದಿಯಂತೆ. ಇವನದ್ದರ ಹಾಗೆ ಆರು ತಿಂಗಳು ಮೂಲೆಯಲ್ಲಿದ್ದು ಒಂದು ದಿನ ದುಡಿಯುವ ಕೋಲಿಗೆ ಆಲ್ಕಲೈನ್. ಅದನ್ನೂ ಕೆಲಸ ಮುಗಿದ ಮೇಲೆ ಹೊರತೆಗೆದು ಇಡಬೇಕು. ಇಷ್ಟು ಹೇಳಿ ಪೇಟೆಗೆ ಓಡಿಸಿದೆ.

ಹೊಸ ಶೆಲ್ಲು ಬಂತು. ತಟ್ಟೆಯ ಮಣ್ಣಿನೊಳಗಿನ ಓಲೆಗೆ ಕೋಲು ಹಸುಗೂಸಿನ ಹಾಗೆ ಕಿರುಚಿತು. ಹುಡುಗ ಉತ್ಸಾಹದಿಂದ ಮತ್ತೆ ಪಾತ್ರೆ ತೊಳೆಯುವ ಕಲ್ಲಿನ ಕಡೆಗೇ ನಡೆದ. 'ಅಲ್ಲೇ ಯಾಕೋ?' ಎಂದೆ.

ಹಾಗೆ ಕೇಳಲು ಕಾರಣವಿತ್ತು. ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್ ಅವರಿಗೆ 1881ರ ಜುಲೈ 2ರಂದು ಗುಂಡು ತಗಲಿತ್ತು. ಒಳಗೆ ಉಳಿದ ಗುಂಡನ್ನು ಹುಡುಕಲು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಬ್ಯಾಟರಿಯಿಂದ ನಡೆಯುವ ಒಂದು ಶೋಧಕವನ್ನು ಸಿದ್ಧಮಾಡಿ ತಂದರು. ಈಗಿನ ಡಿಟೆಕ್ಟರುಗಳಿಗೆಲ್ಲ ಅದು ಮುತ್ತಜ್ಜಿ. ಗುಂಡು ದೇಹದ ಬಲಭಾಗದಲ್ಲಿದೆ ಎಂದು ಮುಖ್ಯ ವೈದ್ಯರು ನಂಬಿದ್ದರು. ಬೆಲ್ ಅವರಿಗೆ ಹುಡುಕಲು ಬಿಟ್ಟದ್ದೂ ಬಲಭಾಗವನ್ನೇ. ಸಾಲದ್ದಕ್ಕೆ ಹಾಸಿಗೆಯಲ್ಲಿದ್ದ ಲೋಹದ ಸ್ಪ್ರಿಂಗುಗಳು ಬೇರೆ ಯಂತ್ರವನ್ನು ದಿಕ್ಕುತಪ್ಪಿಸಿದವು. ಸೆಪ್ಟೆಂಬರ್ 19ರಂದು ಅಧ್ಯಕ್ಷರು ತೀರಿಕೊಂಡರು. ಗುಂಡು ಇದ್ದದ್ದು ಎಡಗಡೆ. ನಾವು ನಂಬಿದ ಕಡೆಯಲ್ಲಷ್ಟೇ ಹುಡುಕಿದರೆ ಎಂಥ ಶೆಲ್ಲು ಹಾಕಿ ಏನು ಪ್ರಯೋಜನ?

ಅತ್ತಿಗೆ ಹಿಂದಿನ ದಿನ ಎಲ್ಲೆಲ್ಲಿ ನಿಂತಿದ್ದರು, ಎಲ್ಲೆಲ್ಲಿ ಬಗ್ಗಿದ್ದರು ಎಂದು ಅವರನ್ನೇ ನಡೆಸಿಕೊಂಡು ಹೋದೆವು. ಬಾವಿಕಟ್ಟೆ, ಬಟ್ಟೆ ಹಗ್ಗ, ಕರಿಬೇವಿನ ಗಿಡ. ದಾರಿಯುದ್ದಕ್ಕೂ ಮೊಳೆಗಳು, ಒಂದು ಬಕೆಟ್ಟಿನ ಹಿಡಿ, ಎಂದೋ ಕಳೆದ ಬೀಗದ ಕೈ. ಕೊನೆಗೆ ಮಲ್ಲಿಗೆ ಬಳ್ಳಿಯ ಬುಡದಲ್ಲಿ, ಒಣಗಿದ ಎಲೆಯ ಕೆಳಗೆ ಓಲೆ. ಮೊಗ್ಗು ಕೀಳುವಾಗ ಸೆರಗು ಸಿಕ್ಕಿ ಎಳೆದಿದ್ದು ಆಗ ಅತ್ತಿಗೆಗೆ ನೆನಪಾಯಿತು.

ಅತ್ತಿಗೆ ಕೆಟ್ಟವರಲ್ಲ. ಆ ಸಂಜೆಯೇ ನನ್ನನ್ನು ಕರೆದುಕೊಂಡು ಅವಳ ಮನೆಗೆ ಹೋದರು. ಓಲೆ ಸಿಕ್ಕಿತೆಂದರು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದರು, ಕಣ್ಣಲ್ಲಿ ನೀರು ತಂದುಕೊಂಡರು. ಅವಳು ಚಾಪೆ ಹಾಸಿದಳು, ಬೆಲ್ಲ ನೀರು ಕೊಟ್ಟಳು. ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಹೇಳಿದಳು:

'ಮಿಷನ್ನು ಹೇಳಿದ ಮೇಲೆ ನಂಬಿದ್ರಿ ಅಮ್ಮ. ನಾ ಹೇಳ್ದಾಗ ನಂಬಲಿಲ್ಲ.'

ನಮ್ಮಿಬ್ಬರಲ್ಲಿ ಯಾರಿಗೂ ಮಾತು ಹೊರಡಲಿಲ್ಲ. ಅವಳು ಮತ್ತೆ ಆ ಮನೆಗೆ ಕೆಲಸಕ್ಕೆ ಬರಲಿಲ್ಲ. ದಾರಿಯಲ್ಲಿ ಸಿಕ್ಕರೆ ನಗುತ್ತಾಳೆ, ಮಕ್ಕಳ ಕ್ಷೇಮ ವಿಚಾರಿಸುತ್ತಾಳೆ. ಅಷ್ಟೆ. ಹನ್ನೊಂದು ವರ್ಷ ಅವಳು ಆ ಹಿತ್ತಿಲಲ್ಲಿ ಚಮಚವನ್ನೂ ಎಣಿಸಿಕೊಟ್ಟು ಹೋಗುತ್ತಿದ್ದಳಂತೆ. ಆ ಲೆಕ್ಕ ಸೋತ ಶೆಲ್ಲೊಂದರ ಮೌನದ ಮುಂದೆ ನಿಲ್ಲಲಿಲ್ಲ.

ಅಣ್ಣನ ಮಗ ಈಗ ಸಮಾರಂಭಕ್ಕೆ ಹೊರಡುವ ಮುಂಚೆ ಕೋಲನ್ನು ಒಂದು ರೂಪಾಯಿಯ ನಾಣ್ಯದ ಮೇಲೆ ಆಡಿಸಿ ನೋಡಿಯೇ ಚೀಲಕ್ಕೆ ಹಾಕುತ್ತಾನೆ. ನನಗೂ ಒಂದು ಚಾಳಿ ಅಂಟಿದೆ. ಪರದೆಯ ಗೂಡಿನೊಳಗೆ ಕೋಲು ನನ್ನ ಬಳೆ, ತಾಳಿ ಎಲ್ಲವನ್ನೂ ಸವರಿಯೂ ಸುಮ್ಮನಿದ್ದರೆ ನಾನು ಮುಂದೆ ಹೋಗುವುದಿಲ್ಲ. ಹಿಂದಿನವರು ಗೊಣಗಿದರೂ ಸರಿ, ಬೆಳಗಿನಿಂದ ನಿಂತು ಬಳಲಿದ ಆ ಹುಡುಗಿಯ ಹತ್ತಿರ 'ಮಗಾ, ಶೆಲ್ಲು ನೋಡು' ಎನ್ನುತ್ತೇನೆ. ಹೆಚ್ಚಿನವರು ನಗುತ್ತಾರೆ. ಒಬ್ಬಿಬ್ಬರು ಕೋಲನ್ನು ತಿರುಗಿಸಿ ದೀಪ ನೋಡುತ್ತಾರೆ.