ಊತ ಇಳಿಸುವವರು ಯಾರು?

ಉರಿಯೂತ ಎಂಬುದು ನಮ್ಮ ಭಾಷೆಯ ಒಳ್ಳೆಯ ಪದಗಳಲ್ಲೊಂದು. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸೆಲ್ಸಸ್ ಎಂಬ ಲೇಖಕ ಅದಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದ್ದ: ಕೆಂಪು, ಊತ, ಬಿಸಿ, ನೋವು. ಅವುಗಳಲ್ಲಿ ಎರಡು ನಮ್ಮ ಪದದೊಳಗೇ ಕುಳಿತಿವೆ. ಉಳಿದೆರಡನ್ನು ನಮ್ಮ ಮನೆಯಲ್ಲಿ ಯಾರಿಗೂ ವಿವರಿಸಬೇಕಾಗಿರಲಿಲ್ಲ. ಉಮ್ಮನ ಕೈಬೆರಳ ಗಂಟುಗಳನ್ನು ನೋಡಿದರೆ ಸಾಕಿತ್ತು.

ಉಮ್ಮನಿಗೆ ರುಮಟಾಯ್ಡ್ ಸಂಧಿವಾತ. ಬೆಳಿಗ್ಗೆ ಎದ್ದು ಒಂದು ಗಂಟೆಯಾದರೂ ಬೆರಳು ಮಡಚಲಾಗದು. ಚಹಾದ ಲೋಟ ಹಿಡಿಯಲು ಎರಡೂ ಅಂಗೈ ಬೇಕು. ಕಾಲಿಗೆ ಮುಳ್ಳು ಚುಚ್ಚಿದರೂ ಊತ ಬರುತ್ತದೆ, ಆದರೆ ನಾಲ್ಕು ದಿನಕ್ಕೆ ಇಳಿಯುತ್ತದೆ. ಇಲ್ಲಿ ಮುಳ್ಳೂ ಇಲ್ಲ, ಗಾಯವೂ ಇಲ್ಲ, ವರ್ಷಗಳಾದರೂ ಇಳಿಯುವುದಿಲ್ಲ. ಏಕೆಂದು ನಾವು ಮಕ್ಕಳು ತಜ್ಞ ವೈದ್ಯರನ್ನು ಕೇಳಿದೆವು. ಅವರು ಪ್ರಶ್ನೆಯನ್ನೇ ತಿರುಗಿಸಿದರು. “ಮುಳ್ಳಿನ ಊತ ನಾಲ್ಕು ದಿನಕ್ಕೆ ಇಳಿಯಿತಲ್ಲ, ಅದನ್ನು ಇಳಿಸಿದ್ದು ಯಾರು?”

ಆ ಪ್ರಶ್ನೆಯ ಬೆನ್ನು ಹತ್ತಿ ನಾವು ಓದತೊಡಗಿದೆವು. ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲೂ ವಂಶವಾಹಿಗಳ ಪುಸ್ತಕ ಒಂದೇ. ಯಾವ ಪುಟವನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದರಲ್ಲೇ ಎಲ್ಲ ಇದೆ. 1986ರಲ್ಲಿ ಅಮೆರಿಕದಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಅಂತಹ ಪುಟಗಳನ್ನು ತೆರೆಯುವ ಒಂದು ಪ್ರೋಟೀನನ್ನು ಗುರುತಿಸಿದರು. ಅದರ ಹೆಸರು ಎನ್‌ಎಫ್ ಕಪ್ಪಾ ಬಿ. ಮಾಮೂಲಿ ದಿನಗಳಲ್ಲಿ ಅದು ಕೋಶಕೇಂದ್ರದ ಹೊರಗೇ ಇರುತ್ತದೆ. ಐ ಕಪ್ಪಾ ಬಿ ಎಂಬ ಇನ್ನೊಂದು ಪ್ರೋಟೀನು ಅದರ ತೋಳು ಹಿಡಿದು ನಿಲ್ಲಿಸಿರುತ್ತದೆ. ರೋಗಾಣು ಬಂತೆಂಬ ಸುದ್ದಿ ಮುಟ್ಟಿದ ಕೆಲವೇ ನಿಮಿಷಗಳಲ್ಲಿ ಜೀವಕೋಶ ಈ ಕಾವಲುಗಾರನನ್ನು ನಾಶ ಮಾಡುತ್ತದೆ. ಬಿಡುಗಡೆಯಾದ ಎನ್‌ಎಫ್ ಕಪ್ಪಾ ಬಿ ಒಳಗೆ ನುಗ್ಗಿ ನೂರಾರು ವಂಶವಾಹಿಗಳನ್ನು ಎಬ್ಬಿಸುತ್ತದೆ. ಟಿಎನ್‌ಎಫ್‌ನಂತಹ ಉರಿ ಹಚ್ಚುವ ರಾಸಾಯನಿಕಗಳು ಹೊರಡುವುದು ಆಗಲೇ.

ನಮ್ಮನ್ನು ಬೆರಗುಗೊಳಿಸಿದ್ದು ಮುಂದಿನ ಸಂಗತಿ. ಎನ್‌ಎಫ್ ಕಪ್ಪಾ ಬಿ ಎಬ್ಬಿಸುವ ಮೊದಮೊದಲ ವಂಶವಾಹಿಗಳಲ್ಲಿ ಐ ಕಪ್ಪಾ ಬಿಯದ್ದೂ ಒಂದು. ಅಂದರೆ, ಉರಿ ಹಚ್ಚುವ ಕೈಯೇ ಅದನ್ನು ಆರಿಸುವ ಆದೇಶಕ್ಕೂ ಸಹಿ ಹಾಕುತ್ತದೆ! ಹೊಸದಾಗಿ ತಯಾರಾದ ಕಾವಲುಗಾರ ಕೋಶಕೇಂದ್ರದೊಳಗೆ ಹೋಗಿ, ಎನ್‌ಎಫ್ ಕಪ್ಪಾ ಬಿಯನ್ನು ಡಿಎನ್‌ಎಯಿಂದ ಬಿಡಿಸಿ ಹೊರಗೆ ಕರೆತರುತ್ತಾನೆ. ಇದು ತಿಳಿದದ್ದು 1993ರ ಹೊತ್ತಿಗೆ. ಎರಡು ವರ್ಷಗಳ ನಂತರ ಈ ಕಾವಲುಗಾರನಿಲ್ಲದ ಇಲಿಮರಿಗಳನ್ನು ಪ್ರಯೋಗಾಲಯದಲ್ಲಿ ಹುಟ್ಟಿಸಿದರು. ಅವು ಹತ್ತು ದಿನವೂ ಬದುಕಲಿಲ್ಲ.

ಇದಿಷ್ಟೇ ಆಗಿದ್ದರೆ ನಾವು ಓದು ನಿಲ್ಲಿಸುತ್ತಿದ್ದೆವೇನೋ. ಆದರೆ ವಂಶವಾಹಿಯಿಂದ ಹೊರಡುವ ಆದೇಶದ ಚೀಟಿಗೂ, ಅಂದರೆ ಆರ್‌ಎನ್‌ಎಗೂ, ಒಂದು ಆಯುಷ್ಯವಿದೆ. ಟಿಎನ್‌ಎಫ್‌ನ ಚೀಟಿಯ ಬಾಲದಲ್ಲಿ ‘ಬೇಗ ಹರಿದು ಹಾಕಿ’ ಎಂಬಂತಹ ಗುರುತಿದೆ. ಟ್ರಿಸ್ಟೆಟ್ರಾಪ್ರೋಲಿನ್ ಎಂಬ ನಾಲಗೆ ತೊಡರುವ ಹೆಸರಿನ ಪ್ರೋಟೀನು ಆ ಗುರುತನ್ನು ಹಿಡಿದು ಚೀಟಿಯನ್ನು ನಾಶಕ್ಕೆ ಒಪ್ಪಿಸುತ್ತದೆ. 1996ರಲ್ಲಿ ಅದಿಲ್ಲದ ಇಲಿಗಳನ್ನು ಬೆಳೆಸಿ ನೋಡಿದರು. ಹುಟ್ಟುವಾಗ ಸರಿಯಾಗಿಯೇ ಇದ್ದವು. ಆಮೇಲೆ ಸೊರಗಿದವು, ಗಂಟುಗಳು ಊದಿಕೊಂಡವು. ಟಿಎನ್‌ಎಫ್ ತಡೆಯುವ ಮದ್ದು ಕೊಟ್ಟಾಗ ಈ ಯಾವ ತೊಂದರೆಯೂ ಬಹುಮಟ್ಟಿಗೆ ಕಾಣಿಸಿಕೊಳ್ಳಲಿಲ್ಲ. ಉಮ್ಮನ ಕಾಯಿಲೆ ಇಷ್ಟು ಸರಳವಲ್ಲ, ಅದರ ಹಿಂದೆ ಹಲವು ವಂಶವಾಹಿಗಳೂ ಬದುಕಿನ ಬೇರೆ ಕಾರಣಗಳೂ ಇವೆ ಎಂದು ವೈದ್ಯರು ಎಚ್ಚರಿಸಿದರು. ಆದರೂ ಆ ಇಲಿಗಳ ಬಗ್ಗೆ ಓದಿದ ದಿನ ನಾವು ಉಮ್ಮನ ಕೈಯನ್ನೇ ನೋಡುತ್ತಾ ಕುಳಿತಿದ್ದೆವು.

ಇದಕ್ಕೆ ಮೊದಲು ಉಮ್ಮ ಎರಡು ವರ್ಷ ಬೇರೊಂದು ಕಡೆಯಿಂದ ಮದ್ದು ತರುತ್ತಿದ್ದರು. ಹೆಸರಿಲ್ಲದ ಕಾಗದದ ಪೊಟ್ಟಣದಲ್ಲಿ ಸಣ್ಣ ಬಿಳಿ ಮಾತ್ರೆಗಳು. ನುಂಗಿದ ಎರಡನೇ ದಿನವೇ ನೋವು ಮಾಯವಾಗಿತ್ತು, ಕೊಟ್ಟವರ ಕೈಗುಣವನ್ನು ನೆಂಟರೆಲ್ಲ ಹೊಗಳಿದ್ದರು. ಮೆಲ್ಲನೆ ಮುಖ ದುಂಡಗಾಯಿತು, ಸಕ್ಕರೆ ಏರಿತು, ಚರ್ಮ ಮುಟ್ಟಿದರೆ ಕಂದುವಂತಾಯಿತು. ತಜ್ಞರು ನೋಡಿದೊಡನೆ ಹೇಳಿದರು: ಸ್ಟಿರಾಯ್ಡ್.

ಸ್ಟಿರಾಯ್ಡ್ ವಿಷವೇನಲ್ಲ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಇದೇ ಕಾಯಿಲೆಯ ಮಹಿಳೆಯೊಬ್ಬರಿಗೆ ಕಾರ್ಟಿಸೋನ್ ಕೊಟ್ಟಾಗ ಅವರು ಕೆಲವೇ ದಿನಗಳಲ್ಲಿ ಎದ್ದು ನಡೆದಾಡಿದರು. 1950ರಲ್ಲಿ ಹೆಂಚ್‌ಗೆ ನೊಬೆಲ್ ಬಂತು. ಈ ಮದ್ದು ಜೀವಕೋಶದೊಳಗೆ ಹೋಗಿ ಉರಿಯ ಪುಟಗಳನ್ನು ಮುಚ್ಚುತ್ತದೆ, ಆರಿಸುವ ಪುಟಗಳನ್ನು ತೆರೆಯುತ್ತದೆ. ತೊಂದರೆಯೆಂದರೆ, ಅದು ಗಂಟಿನಲ್ಲಿ ಮಾತ್ರವಲ್ಲ, ಎಲುಬು, ಚರ್ಮ, ಯಕೃತ್ತಿನಲ್ಲೂ ಪುಟ ತಿರುಗಿಸುತ್ತದೆ.

ವಿಷಯ ತಿಳಿದ ನೆರೆಯವರು ಮಾತ್ರೆಯನ್ನು ಅಂದೇ ಎಸೆಯಲು ಹೇಳಿದರು. ವೈದ್ಯರು ಬೇಡವೆಂದರು. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳು ನಮ್ಮದೇ ಸ್ಟಿರಾಯ್ಡನ್ನು ತಯಾರಿಸುತ್ತವೆ. ಹೊರಗಿನಿಂದ ಬರುತ್ತಲೇ ಇದ್ದರೆ ಅವು ಕೆಲಸ ನಿಲ್ಲಿಸುತ್ತವೆ. ಥಟ್ಟನೆ ಮಾತ್ರೆ ಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ. ಹಾಗಾಗಿ ಪ್ರಮಾಣವನ್ನು ತಿಂಗಳುಗಟ್ಟಲೆ ಚೂರುಚೂರೇ ಇಳಿಸಿದರು. ಜೊತೆಗೆ ಮೆಥೊಟ್ರೆಕ್ಸೇಟ್ ಶುರುವಾಯಿತು. ಅದು ವಾರಕ್ಕೆ ಒಂದೇ ದಿನ. ಮರೆತು ದಿನವೂ ನುಂಗಿದರೆ ಅಪಾಯವೆಂದು ಕ್ಯಾಲೆಂಡರಿನ ಶುಕ್ರವಾರಗಳಿಗೆಲ್ಲ ನಾವು ಕೆಂಪು ಗುರುತು ಹಾಕಿದೆವು.

ಉರಿಯನ್ನು ಯಾವಾಗಲೂ ಆರಿಸಬಾರದು ಎಂಬುದನ್ನು ಕೋವಿಡ್ ಎಲ್ಲರಿಗೂ ತೋರಿಸಿತು. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಅಧ್ಯಯನದ ಫಲಿತಾಂಶ ಬಂತು. ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟಿರಾಯ್ಡ್ ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಮೂರನೇ ಒಂದರಷ್ಟು ತಗ್ಗಿಸಿತ್ತು. ಆಮ್ಲಜನಕ ಬೇಕಿಲ್ಲದವರಿಗೆ ಅದರಿಂದ ಲಾಭವಾಗಲಿಲ್ಲ. ಮೊದಲ ದಿನಗಳಲ್ಲಿ ವೈರಸ್ಸಿನೊಂದಿಗೆ ಹೋರಾಡಲು ಆ ಉರಿ ಬೇಕು.

ಈಗ ವೈದ್ಯರು ಟಿಎನ್‌ಎಫ್ ತಡೆಯುವ ಚುಚ್ಚುಮದ್ದಿನ ಮಾತೆತ್ತಿದ್ದಾರೆ. ಇದನ್ನು ಮೊದಲು ಈ ಕಾಯಿಲೆಯ ರೋಗಿಗಳ ಮೇಲೆ ಪ್ರಯೋಗಿಸಿದವರು ಲಂಡನ್ನಿನ ಮಾರ್ಕ್ ಫೆಲ್ಡ್‌ಮನ್ ಮತ್ತು ಲುಧಿಯಾನಾದಲ್ಲಿ ಹುಟ್ಟಿದ ರವೀಂದರ್ ಮೈನಿ, 1992ರಲ್ಲಿ. ಚುಚ್ಚುಮದ್ದಿಗೆ ಮುನ್ನ ಎದೆಯ ಎಕ್ಸ್‌ರೇ, ಕ್ಷಯದ ಪರೀಕ್ಷೆ ಆಗಬೇಕೆಂದರು. “ನಾನು ಬಂದದ್ದು ಗಂಟುನೋವಿಗೆ. ಎದೆಯ ಫೋಟೊ ಯಾಕೆ ಡಾಕ್ಟರೇ?” ಎಂದು ಉಮ್ಮ ಕೇಳಿದರು. ಕ್ಷಯದ ರೋಗಾಣು ಹಲವರ ದೇಹದಲ್ಲಿ ಸದ್ದಿಲ್ಲದೆ ಮಲಗಿರುತ್ತದೆ, ಅದರ ಸುತ್ತ ಗೋಡೆ ಕಟ್ಟಿ ಕಾಯುವ ಕೆಲಸದಲ್ಲಿ ಟಿಎನ್‌ಎಫ್‌ಗೂ ಪಾಲಿದೆ, ಅದನ್ನು ತಡೆದರೆ ಗೋಡೆ ಬೀಳಬಹುದು ಎಂದು ಅವರು ತಾಳ್ಮೆಯಿಂದ ವಿವರಿಸಿದರು.

ವರದಿಯಲ್ಲಿ ಕ್ಷಯದ ಸುಳಿವಿಲ್ಲ. ಚುಚ್ಚುಮದ್ದು ಈಗಲೇ ಬೇಕೋ ಬೇಡವೋ ಎಂಬುದು ಮುಂದಿನ ಭೇಟಿಯಲ್ಲಿ ತೀರ್ಮಾನವಾಗಬೇಕು. ಅದರ ಬೆಲೆ ಕೇಳಿದಂದಿನಿಂದ ಉಮ್ಮ ಮಾತ್ರ ತನಗೆ ಶುಕ್ರವಾರದ ಮಾತ್ರೆಯೇ ಸಾಕು ಎನ್ನುತ್ತಿದ್ದಾರೆ.