ಪಾದ ನೋಡಿ ಜೋಡು

ಮುಖ ನೋಡಿ ಮಣೆ ಹಾಕಬೇಕೆಂದು ನಮ್ಮ ಹಿರಿಯರು ಹೇಳಿದರು. ಪಾದ ನೋಡಿ ಜೋಡು ಹಾಕಬೇಕೆಂದು ಯಾರೂ ಹೇಳಲಿಲ್ಲ. ಕಾಲಿನ ಸುತ್ತ ಗೆರೆ ಎಳೆದುಕೊಂಡು ಮೆಟ್ಟು ಹೊಲಿಯುತ್ತಿದ್ದ ಕಾಲದಲ್ಲಿ ಅದನ್ನು ಹೇಳುವ ಅಗತ್ಯವೇ ಇರಲಿಲ್ಲವೇನೋ. ಈಗ ಜೋಡು ಮೊದಲೇ ಹುಟ್ಟಿ ಗಾಜಿನ ಕಪಾಟಿನಲ್ಲಿ ಕುಳಿತಿರುತ್ತದೆ. ಹೊಂದಿಕೊಳ್ಳುವ ಹೊಣೆ ಕಾಲಿನದು.

ನನ್ನ ಬಲಗಾಲು ಈ ಹೊಣೆ ಹೊರಲಾರದ ಕಾಲು. ಅದರ ಕಣಕಾಲು ಮೂರು ಬಾರಿ ಉಳುಕಿದೆ. ಒಮ್ಮೆ ಉಳುಕಿದ ಕಣಕಾಲು ರುಚಿ ಕಂಡ ನೆಂಟನ ಹಾಗೆ, ಮತ್ತೆ ಬರುತ್ತದೆ. ಪಾದ ಒಳಕ್ಕೆ ಹೊರಳಿದಾಗ ಹೊರಮಗ್ಗುಲಲ್ಲಿ ಮೂಳೆಗಳನ್ನು ಕಟ್ಟಿರುವ ನಾರುಗಳು ಜಗ್ಗುತ್ತವೆ. ನೋವು ಹೋದ ಮೇಲೂ ಪಾದ ಹೇಗೆ ಊರಿದೆಯೆಂಬ ಅರಿವು ಮಂದವಾಗಿಯೇ ಉಳಿಯುವುದುಂಟು. ಹೀಗಿರುವಾಗ ಅಣ್ಣನ ಮಗ ಸ್ಕಂದಗಿರಿ ಹತ್ತೋಣವೆಂದ.

ಚಿಕ್ಕಬಳ್ಳಾಪುರದ ಬಳಿಯ ಈ ಬೆಟ್ಟ ಸುಮಾರು 1450 ಮೀಟರ್ ಎತ್ತರ. ಕಳವಾರ ದುರ್ಗವೆಂದು ಇನ್ನೊಂದು ಹೆಸರು. ಮೇಲೆ ಪಾಳುಬಿದ್ದ ಕೋಟೆಯಿದೆ. ಎದುರಿನ ನಂದಿಗೆ ಕಾರೇ ಹೋಗುತ್ತದೆ. ಸ್ಕಂದಗಿರಿಗೆ ಕಾಲೇ ಹೋಗಬೇಕು. ಹೋಗದಿದ್ದರೆ ಇನ್ನು ಮುಂದೆ ಬೆಟ್ಟದ ಬುಡದಲ್ಲಿ ಕುಳಿತು ಚೀಲ ಕಾಯುವವರ ಪಂಗಡಕ್ಕೆ ಸೇರಿದಂತೆಯೇ. ಆ ಬಡ್ತಿ ನನಗೆ ಬೇಕಿರಲಿಲ್ಲ.

“ನನ್ನ ಫುಟ್‌ಬಾಲ್ ಬೂಟು ಹಾಕ್ಕೋತೀನಿ ಚಿಕ್ಕಪ್ಪ, ಬಂಡೆ ಕಚ್ಚಿ ಹಿಡಿಯುತ್ತೆ” ಎಂದ ಹುಡುಗ. ಆ ಬೂಟಿನ ಅಟ್ಟೆಯ ಗುಬಟುಗಳು ಹುಲ್ಲುನೆಲದೊಳಕ್ಕೆ ಇಳಿದು ಹಿಡಿಯುತ್ತವೆ, ಬಂಡೆಯೊಳಕ್ಕೆ ಇಳಿಯುವುದೆಲ್ಲಿಗೆ? ಮೈಭಾರವೆಲ್ಲ ನಾಲ್ಕು ಗುಬಟಿನ ಮೇಲೆ ನಿಂತರೆ ಕಣಕಾಲು ಹೊರಳಲು ಹೊಂಚು ಹಾಕುತ್ತದೆ. ಮೈದಾನದಲ್ಲೂ ಅಷ್ಟೆ. ಗುಬಟು ನೆಲವನ್ನು ಅತಿಯಾಗಿ ಹಿಡಿದು, ಮೈ ಮಾತ್ರ ತಿರುಗಿದರೆ, ಆ ತಿರುಚನ್ನು ಉಣ್ಣುವುದು ಕಣಕಾಲು, ಮೊಣಕಾಲು. ನಮ್ಮ ಬಯಲುಸೀಮೆಯ ಗಟ್ಟಿ ನೆಲಕ್ಕೆ ಗಿಡ್ಡನೆಯ, ಹೆಚ್ಚು ಸಂಖ್ಯೆಯ ಗುಬಟುಗಳೇ ಲೇಸು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ತಂಡದ ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಫ್ರಾನ್ಸಿಗೆ 1-2ರಲ್ಲಿ ಸೋತರು. ಆ ಒಂದು ಗೋಲು ಸಾರಂಗಪಾಣಿ ರಾಮನ್ ಅವರದು. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೋಸ್ಲಾವಿಯಾಕ್ಕೆ 1-10ರ ಸೋಲು. ಆಮೇಲೆ ಬೂಟು ಕಡ್ಡಾಯವಾಯಿತು. ಬರಿಗಾಲು ಕೀಳೆಂದಲ್ಲ, ನೆಲ ಬೇರೆ, ಹವೆ ಬೇರೆ. ಜೋಡೆಂಬುದು ಕಾಲಿಗೂ ನೆಲಕ್ಕೂ ನಡುವಿನ ದುಭಾಷಿ. ಅದಕ್ಕೆ ಎರಡು ಕಡೆಯ ಮಾತೂ ತಿಳಿದಿರಬೇಕು.

ಅಂಗಡಿಗೆ ಸಂಜೆ ಹೋದೆವು. ದಿನವೆಲ್ಲ ದುಡಿದ ಪಾದ ಸಂಜೆಗೆ ಕೊಂಚ ಊದಿರುತ್ತದೆ. ಬೆಟ್ಟಕ್ಕೆ ಹಾಕುವ ಕಾಲುಚೀಲವನ್ನೇ ಒಯ್ದಿದ್ದೆ. ಎರಡೂ ಕಾಲಿಗೆ ತೊಟ್ಟು ನಿಂತು, ಎಲ್ಲಕ್ಕಿಂತ ಉದ್ದದ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗವಿದೆಯೇ ಎಂದು ನೋಡಿದೆ. ಇಲ್ಲದಿದ್ದರೆ ಇಳಿಯುವಾಗ ಉಗುರು ಕಪ್ಪಾಗುತ್ತದೆ. ಹಿಮ್ಮಡಿಯ ಕಡೆ ಗಟ್ಟಿಯಾಗಿರಬೇಕು. ಬೆರಳ ಬುಡದಲ್ಲಿ ಬಾಗಬೇಕು. ಒದ್ದೆ ಬಟ್ಟೆಯಂತೆ ಹಿಂಡಿದರೆ ಹಿಂಡಿಸಿಕೊಳ್ಳಬಾರದು. ಅಂಗಡಿಯವನು ಕಣಕಾಲು ಮುಚ್ಚುವ ಎತ್ತರದ ಬೂಟನ್ನು ಹೊಗಳಿದ. ಕಲ್ಲು ತಾಗುವುದನ್ನು ಅದು ತಡೆದೀತು. ಉಳುಕನ್ನೇ ತಡೆಯುತ್ತದೆಂಬುದಕ್ಕೆ ಗಟ್ಟಿ ಆಧಾರವಿಲ್ಲ. ನಾನು ಕೊಂಡದ್ದು ಅಗಲ ಅಟ್ಟೆಯ, ಒರಟು ತಳದ ಗಿಡ್ಡ ಜೋಡು.

ಉಳಿದ ಕೆಲಸ ವೈದ್ಯರು ಹೇಳಿದ್ದು: ದಿನವೂ ಒಂಟಿಕಾಲಲ್ಲಿ ನಿಲ್ಲುವುದು. ಉಳುಕಿದ ಕಾಲು ಮತ್ತೆ ಉಳುಕದಂತೆ ಮಾಡುವಲ್ಲಿ ಈ ಅಭ್ಯಾಸ ದುಬಾರಿ ಬೂಟಿಗಿಂತ ಮಿಗಿಲು. ಆರು ವಾರ ಹಲ್ಲುಜ್ಜುತ್ತ ಹಾಗೆ ನಿಂತೆ. “ಭಗೀರಥನ ತಪಸ್ಸೇ? ಗಂಗೆ ಇಳಿದರೆ ಕರೆಯಿರಿ, ನಲ್ಲಿಯಲ್ಲಿ ನೀರಿಲ್ಲ” ಎಂದರು ಮನೆಯವರು.

ಅರಣ್ಯ ಇಲಾಖೆಯ ಅನುಮತಿ ಪಡೆದು ಒಂದು ಬೆಳಗ್ಗೆ ಹತ್ತಿದೆವು. ಹತ್ತುವಾಗ ಉಸಿರಿಗೆ ಪರೀಕ್ಷೆ, ಇಳಿಯುವಾಗ ಕಣಕಾಲಿಗೆ. ಕೆಳಗಿಳಿಯುವ ಮುನ್ನ ಲಾಡಿಯನ್ನು ಮೇಲಿನ ತೂತಿನವರೆಗೂ ಬಿಗಿದು, ಹಿಮ್ಮಡಿ ಅಲುಗದಂತೆ ಕಟ್ಟಿದೆ. ಅರ್ಧ ದಾರಿಯಲ್ಲಿ ಗರಸಿನ ಮೇಲೆ ಒಂದು ಕಲ್ಲು ಸರಿಯಿತು. ಬಲಪಾದ ಹೊರಳಹೊರಟು, ಏನೋ ನೆನಪಾದಂತೆ ತಾನಾಗಿ ನೆಟ್ಟಗಾಯಿತು. ಅದು ಜೋಡಿನ ಪುಣ್ಯವೋ ತಪಸ್ಸಿನ ಫಲವೋ, ನಿಂತು ವಿಚಾರಿಸಲಿಲ್ಲ; ಮುಂದಿನ ಹೆಜ್ಜೆ ಕಾಯುತ್ತಿತ್ತು.