ಆರ್ಕನ್ಸಾ ದಂಡೆಯ ಮಣ್ಣಿನ ಕೋಟೆ

ಕೊಲರಾಡೊ ಎಂದರೆ ಹಿಮದ ಬೆಟ್ಟಗಳಷ್ಟೇ ಎಂದುಕೊಂಡವರು ಲಾ ಹುಂಟಾ ಊರಿಗೆ ಬರಬೇಕು. ಊರು ದಾಟಿ ಪೂರ್ವಕ್ಕೆ ಹೊರಳಿದರೆ ಒಣಹುಲ್ಲು, ಹುಲ್ಲು ಮುಗಿದಲ್ಲಿ ಆಕಾಶ. ಬಲಗಡೆಗೆ ಕಾಟನ್‌ವುಡ್ ಮರಗಳು ಸಾಲಾಗಿ ನಿಂತಿವೆಯಲ್ಲ, ಅಲ್ಲೇ ಆರ್ಕನ್ಸಾ ನದಿ. 1830ರ ದಶಕದಲ್ಲಿ ಇದೇ ಗಡಿ: ಈಚೆ ದಡ ಅಮೆರಿಕ, ಆಚೆ ದಡ ಮೆಕ್ಸಿಕೊ.

ಕಾರು ನಿಲ್ಲಿಸಿ ಕಾಲುದಾರಿ ಹಿಡಿಯುತ್ತೇವೆ. ಗಾಳಿ ಬೀಸಿದರೆ ಟೋಪಿ ಹಾರುತ್ತದೆ, ಗಾಳಿ ನಿಂತರೆ ಸೊಳ್ಳೆ ಮುತ್ತುತ್ತದೆ. ಈ ಗಡಿಬಿಡಿಯಲ್ಲಿ ತಲೆಯೆತ್ತಿದರೆ ಎದುರಿಗೇ ಬೆಂಟ್ ಕೋಟೆ. ಕಲ್ಲಿನದಲ್ಲ, ಅಪ್ಪಟ ಮಣ್ಣಿನದು! ವಿಜಯಪುರದ ಕಡೆಯ ಹಳೆಯ ಮಾಳಿಗೆ ಮನೆಗಳ ಅದೇ ಬಣ್ಣ, ಮಳೆಗಾಲ ಕಳೆದಂತೆಲ್ಲ ಮತ್ತೆ ಮೆತ್ತಲೇಬೇಕಾದ ಅದೇ ಗೋಡೆ. ಚಾರ್ಲ್ಸ್, ವಿಲಿಯಂ ಎಂಬ ಬೆಂಟ್ ಸೋದರರೂ ಅವರ ಪಾಲುದಾರ ಸೆರಾನ್ ಸೇಂಟ್ ವ್ರೇನ್‌ನೂ 1833ರಲ್ಲಿ ವ್ಯಾಪಾರಕ್ಕೆಂದು ಕಟ್ಟಿಸಿದ ಮೂಲ ಕೋಟೆ ಉಳಿದಿಲ್ಲ. 1846ರಲ್ಲಿ ಕಾಯಿಲೆ ಬಿದ್ದು ಇಲ್ಲಿ ತಂಗಿದ್ದ ಸೈನ್ಯಾಧಿಕಾರಿ ಜೇಮ್ಸ್ ಏಬರ್ಟ್ ಅಳತೆ ಹಿಡಿದು ಚಿತ್ರ ಬರೆದಿಟ್ಟಿದ್ದ. ಅದನ್ನು ಆಧರಿಸಿ 1976ರಲ್ಲಿ ಮತ್ತೆ ಎಬ್ಬಿಸಿದ್ದಾರೆ.

ಹೆಬ್ಬಾಗಿಲು ದಾಟಿದರೆ ಅಂಗಳದಲ್ಲಿ ನವಿಲು! ಬೆಂಟರ ಕಾಲದಲ್ಲೂ ಸಾಕಿದ್ದರಂತೆ. ನಮ್ಮ ನಾಡಿನ ಹಕ್ಕಿ ಈ ಬಯಲಿಗೆ ಎಷ್ಟು ಕೈ ದಾಟಿ ಬಂದಿರಬೇಕು! ಬಿಲಿಯರ್ಡ್ಸ್ ಮೇಜನ್ನೂ ಇಲ್ಲಿಗೆ ಗಾಡಿಯ ಮೇಲೆ ಹೇರಿ ತಂದಿದ್ದರು.

ಅಂಗಳದ ನಡುವೆ ದೊಡ್ಡ ಮರದ ಒತ್ತುಯಂತ್ರ. ಬೈಸನ್ ತೊಗಲುಗಳನ್ನು ಒತ್ತಿ ಅಂಡಿಗೆ ಕಟ್ಟಿದರೆ ಸಾಂಟಾ ಫೆ ಎಂಬ ವ್ಯಾಪಾರದ ಹಾದಿಯಲ್ಲಿ ಬಂಡಿಗಳು ಅವನ್ನು ಪೂರ್ವಕ್ಕೆ ಒಯ್ಯುತ್ತಿದ್ದವು. ಹಸಿ ತೊಗಲನ್ನು ಹೆರೆದು, ಪ್ರಾಣಿಯ ಮಿದುಳನ್ನೇ ತಿಕ್ಕಿ ಮೆತ್ತಗೆ ಹದಗೊಳಿಸುತ್ತಿದ್ದವರು ಈ ಬಯಲಿನ ಮೂಲನಿವಾಸಿಗಳಾದ ಶೈಯೆನ್, ಅರಪಾಹೊ ಹೆಂಗಸರು. ಈ ವ್ಯಾಪಾರದ ಬಂಡವಾಳ ಅವರ ತೋಳುಗಳಲ್ಲಿತ್ತು. ಬದಲಿಗೆ ಸಿಗುತ್ತಿದ್ದುದು ಕಂಬಳಿ, ಮಣಿ, ಚಾಕು, ಪಾತ್ರೆ. ವಿಲಿಯಂ ಬೆಂಟ್ ಮದುವೆಯಾದದ್ದೂ ಶೈಯೆನ್ ಹಿರಿಯರ ಮನೆಯ ಔಲ್ ವುಮನ್‌ಳನ್ನು. ಕೋಟೆ ನಿಂತದ್ದು ತುಪಾಕಿಗಿಂತ ಹೆಚ್ಚಾಗಿ ಇಂಥ ನೆಂಟಸ್ತಿಕೆಯ ಬಲದಿಂದ ಎಂದೇ ನನಗನಿಸುತ್ತದೆ.

ಅಡುಗೆಮನೆಯಲ್ಲಿ ಶಾರ್ಲಟ್‌ಳನ್ನು ನೆನೆಯದೆ ಮುಂದೆ ಹೋಗಲಾರೆ. ಗುಲಾಮಳಾಗಿದ್ದ ಅವಳ ಕೈಯಡುಗೆ ಹಾದಿಯುದ್ದಕ್ಕೂ ಹೆಸರಾಗಿತ್ತು. ಇನ್ನೊಂದು ಕೋಣೆಯಲ್ಲಿ, 1846ರ ಬೇಸಿಗೆಯಲ್ಲಿ, ವ್ಯಾಪಾರಿಯ ಹೆಂಡತಿ ಸೂಸನ್ ಮಗಾಫಿನ್‌ಗೆ ಗರ್ಭಪಾತವಾಯಿತು. ಆಗ ಅವಳಿಗೆ ಬರೇ 19. ಅದೇ ಹೊತ್ತಿಗೆ ಕೆಳಗಿನ ಕೋಣೆಯಲ್ಲಿ ಮೂಲನಿವಾಸಿ ತಾಯಿಯೊಬ್ಬಳು ಮಗು ಹೆತ್ತು, ಅರ್ಧ ಗಂಟೆಯೊಳಗೆ ನದಿಗಿಳಿದು ತಾನೂ ಮಿಂದು ಕೂಸನ್ನೂ ಮೀಯಿಸಿದಳಂತೆ. ಆ ನೋವಿನಲ್ಲೂ ಸೂಸನ್ ಬೆರಗಾಗಿ ಅದನ್ನು ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ.

1849ರಲ್ಲಿ ಕಾಲರಾ ಬಯಲನ್ನು ಬಡಿಯಿತು. ಕೋಟೆ ಪಾಳುಬಿತ್ತು.

ಅಲ್ಲಿಂದ ಲಾಸ್ ಅನಿಮಾಸ್ ದಾಟಿ ಬಾಗ್ಸ್‌ವಿಲ್‌ಗೆ. ವ್ಯಾಪಾರದ ಕಾಲ ಮುಗಿದ ಮೇಲೆ, 1866ರಲ್ಲಿ, ಇಲ್ಲಿ ಹೊಲ ಉತ್ತು ದನ ಸಾಕುವ ಒಕ್ಕಲು ಬೇರೂರಿತು. ಮನೆಗಳು ಇಲ್ಲೂ ಮಣ್ಣಿನವೇ. ಒಂದರಲ್ಲಿ ಜಾನ್ ಪ್ರೌವರ್ಸ್ ಮತ್ತು ಅವನ ಶೈಯೆನ್ ಮಡದಿ ಅಮಾಚಿ ಸಂಸಾರ ಹೂಡಿದ್ದರು. 1864ರ ಸ್ಯಾಂಡ್ ಕ್ರೀಕ್ ಹತ್ಯಾಕಾಂಡದಲ್ಲಿ ಅಮೆರಿಕದ ಸೈನಿಕರು ಅವಳ ತಂದೆಯನ್ನು ಕೊಂದಿದ್ದರು. ಅದೇ ಸೀಮೆಯಲ್ಲಿ ಅವಳು ಮತ್ತೆ ಒಲೆ ಹೊತ್ತಿಸಿ ಮಕ್ಕಳನ್ನು ಬೆಳೆಸಿದಳು. ಎರಡನೇ ಮಹಾಯುದ್ಧದಲ್ಲಿ ಜಪಾನಿ ಮೂಲದ ಅಮೆರಿಕನ್ನರನ್ನು ಕೂಡಿಹಾಕಿದ ಶಿಬಿರವೊಂದಕ್ಕೂ ಅವಳ ಹೆಸರೇ. ಅದಿರುವುದು ಗ್ರನಾಡಾ ಊರಿನ ಬಳಿ, ಪೂರ್ವಕ್ಕೆ ಸುಮಾರು ಒಂದು ಗಂಟೆಯ ದಾರಿ. ಬೆಳಕಿರುವಾಗಲೇ ತಲುಪಬೇಕೆಂದು ಹೊರಡುತ್ತೇವೆ.